ಇಟ್ಟಿಗೆ ಫೈರ್‌ಪ್ಲೇಸ್‌ಗೆ ರೋಮಾಬಿಯೋ ಕ್ಲಾಸಿಕೋ ಲೈಮ್‌ವಾಶ್: ಕೆಲವು ಚಳಿಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಫೈರ್‌ಪ್ಲೇಸ್‌ನ ಇಟ್ಟಿಗೆಗೆ ಇದುವರೆಗೆ ಯಾರೂ ಪೇಂಟ್ ಹೊಡೆದಿಲ್ಲ ಅಂದರೆ ರೋಮಾಬಿಯೋ ಕಂಪನಿಯ ಈ ಡಬ್ಬಿ ಸುಣ್ಣವನ್ನು ಧೈರ್ಯವಾಗಿ ತಗೊಳ್ಳಿ. ಹೊಡೆದಿದ್ದರೆ ಬೇಡ, ದುಡ್ಡು ದಂಡ. ಯಾಕೆ ಅಂತ ಮುಂದೆ ಬರುತ್ತದೆ.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನ ಹೊರವಲಯದಲ್ಲಿ. ಮನೆ 1970ರ ದಶಕದ್ದು. ಆ ಕಾಲದ ಮನೆ ಕೊಂಡವರಿಗೆ ನಾನು ಹೇಳುವುದು ತಕ್ಷಣ ಗೊತ್ತಾಗುತ್ತದೆ: ಫ್ಯಾಮಿಲಿ ರೂಮಿನ ಒಂದಿಡೀ ಗೋಡೆ ನೆಲದಿಂದ ಸೂರಿನವರೆಗೆ ಕಂದು ಕೆಂಪು ಇಟ್ಟಿಗೆ, ನಡುವೆ ಕಟ್ಟಿಗೆ ಉರಿಸುವ ಫೈರ್‌ಪ್ಲೇಸ್, ಮುಂದೆ ಕೂರುವಷ್ಟು ಎತ್ತರದ ಕಟ್ಟೆ. ಮೊದಲೇ ಸೂರು ತಗ್ಗು. ಡಿಸೆಂಬರ್‌ನಲ್ಲಿ ಸಂಜೆ 5 ಗಂಟೆಗೇ ಕತ್ತಲಾಗುತ್ತದೆ. ಎಷ್ಟು ದೀಪ ಹಾಕಿದರೂ ಆ ಗೋಡೆ ನುಂಗಿಬಿಡುತ್ತಿತ್ತು. ಇಟ್ಟಿಗೆಯ ಮೇಲೆ ಟೈಲ್ಸ್ ಕೂರಿಸೋಣ ಅಂತ ಒಬ್ಬ ಕಾಂಟ್ರಾಕ್ಟರ್ ಹೇಳಿದ. ಅವನು ಹೇಳಿದ ರೇಟಿಗೆ ನಾವೆಲ್ಲ ಬೆಂಗಳೂರಿಗೆ ಹೋಗಿ ಬರಬಹುದಿತ್ತು. ಹಾಗಾಗಿ ನಾವೇ ಮಾಡೋಣ ಅಂತಾಯಿತು.

ನಾವೇ ಮಾಡಬಹುದಾದ ದಾರಿ ಮೂರು. ಮಾಮೂಲಿ ಲೇಟೆಕ್ಸ್ ಪೇಂಟಿಗೆ ಸಮ ಪಾಲು ನೀರು ಬೆರೆಸಿ ತೆಳ್ಳಗೆ ಬಳಿದು ಒರೆಸುವುದು ಒಂದು. ಬಿಳಿ ಗಾರೆಯನ್ನು ಇಟ್ಟಿಗೆಯ ಮೇಲೆಲ್ಲ ಮೆತ್ತಿ ಕೆರೆಯುವುದು ಇನ್ನೊಂದು, ಇದಕ್ಕೆ ಇಲ್ಲಿ ಜರ್ಮನ್ ಸ್ಮಿಯರ್ ಅನ್ನುತ್ತಾರೆ. ಮೂರನೆಯದು ಸುಣ್ಣ, ಅಂದರೆ ಲೈಮ್‌ವಾಶ್. ಮೊದಲ ಎರಡನ್ನು ಮಾಡಿದ ಮೇಲೆ ಹಳೆಯ ಇಟ್ಟಿಗೆ ವಾಪಸ್ ಸಿಗುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಪೇಂಟ್ ಇಟ್ಟಿಗೆಯ ರಂಧ್ರಗಳಿಗೆ ಇಳಿದು ಮೇಲೆ ಪದರ ಕಟ್ಟುತ್ತದೆ. ಅದನ್ನು ಕೀಳಲು ಕೆಮಿಕಲ್ ಹಾಕಿ ವಾರಗಟ್ಟಲೆ ಕೆರೆಯಬೇಕು. ಸುಣ್ಣವನ್ನಾದರೆ ಮೊದಲ 5 ದಿನದೊಳಗೆ ತೊಳೆದು ತೆಗೆಯಬಹುದು ಅಂತ ಕಂಪನಿಯೇ ಹೇಳುತ್ತದೆ. ನಾವು ಇದನ್ನು ಆರಿಸಿದ್ದಕ್ಕೆ ಅದೇ ದೊಡ್ಡ ಕಾರಣ. ಮನೆಯಲ್ಲಿ ಇಬ್ಬರ ಅಭಿರುಚಿ ಬೇರೆ ಬೇರೆ ಇದ್ದಾಗ ಹಿಂದಕ್ಕೆ ಬರುವ ದಾರಿ ಇರುವುದು ಒಳ್ಳೆಯದು, ಅಲ್ವಾ?

ಡಬ್ಬಿಯಲ್ಲಿರುವುದು ಅರಳಿಸಿದ ಸುಣ್ಣ. ನಮ್ಮೂರಲ್ಲಿ ಯುಗಾದಿಗೆ ಮುಂಚೆ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ, ಅದು ಕೊತಕೊತ ಕುದಿದು ತಣ್ಣಗಾದ ಮೇಲೆ ಸೋಸಿ, ಚೂರು ನೀಲಿ ಹಾಕಿ ಬಳಿಯುತ್ತಿದ್ದರಲ್ಲ, ಮೂಲದಲ್ಲಿ ಅದೇ ವಸ್ತು. ಇದು ಇಟಲಿಯಲ್ಲಿ ತಯಾರಾಗಿ ಬರುತ್ತದೆ, ನಯವಾಗಿರುತ್ತದೆ, ಬೇರೆ ಬೇರೆ ಬಿಳಿಗಳಲ್ಲಿ ಸಿಗುತ್ತದೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಸುಣ್ಣಕ್ಕೆ ಡಾಲರ್ ಕೊಟ್ಟು ತಂದ್ಯೇನೇ?" ಅಂದರು. ಕೊಟ್ಟೆ. ಇಟ್ಟಿಗೆ ಗಾರೆ ಮಾರುವ ಅಂಗಡಿಯಲ್ಲಿ 50 ಪೌಂಡಿನ ಸುಣ್ಣದ ಪುಡಿ ಚೀಲ ಅಗ್ಗಕ್ಕೇ ಸಿಗುತ್ತದೆ, ಕಲಸಿಕೊಂಡು ಬಳಿಯಲೂಬಹುದು. ಆದರೆ ಒಂದು ಗೋಡೆಗೆ ಒಂದು ಚೀಲ ಸುಣ್ಣ ಇಟ್ಟುಕೊಂಡು ಏನು ಮಾಡಲಿ? ಇಡೀ ಮನೆಯ ಹೊರಗೋಡೆಗೆ ಬಳಿಯುವವರು ಬೇಕಾದರೆ ಆ ಲೆಕ್ಕ ಹಾಕಲಿ. ನಮಗೆ ಈ 2.5 ಲೀಟರ್ ಡಬ್ಬಿ ಸಾಕಾಗಿ ಉಳಿಯಿತು. ಬಣ್ಣ ಅವೋರಿಯೋ ವೈಟ್, ಸ್ವಲ್ಪ ಬೆಚ್ಚಗಿನ ಬಿಳಿ. ಬಿಯಾಂಕೋ ವೈಟ್ ಅಂತ ಇನ್ನೂ ಅಚ್ಚ ಬಿಳಿ ಇದೆ. ಹಗಲಿನ ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಅದು ನೀಲಿಗೆ ತಿರುಗಿ ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಅವೋರಿಯೋನೇ ಸರಿ.

ಸುಣ್ಣ ಪೇಂಟಿನ ಥರ ಅಂಟಿಕೊಳ್ಳುವ ವಸ್ತುವಲ್ಲ. ನೀರಿನ ಜೊತೆ ಇಟ್ಟಿಗೆಯೊಳಗೆ ಇಳಿಯುತ್ತದೆ. ಆಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಆದ್ದರಿಂದ ಇಟ್ಟಿಗೆ ನೀರು ಕುಡಿಯಲೇಬೇಕು. ಪರೀಕ್ಷೆ ಸುಲಭ: ಗೋಡೆಗೆ ನೀರು ಚಿಮುಕಿಸಿ. ಇಟ್ಟಿಗೆ ಕಪ್ಪಗಾಗಿ ನೀರು ಒಳಗೆ ಹೋದರೆ ಸರಿ. ಹನಿಹನಿಯಾಗಿ ನಿಂತು ಜಾರಿದರೆ ಮೇಲೆ ಸೀಲರ್ (ನೀರು ಇಳಿಯದಂತೆ ಬಳಿದ ಲೇಪ) ಇದೆ, ಇಲ್ಲವೇ ಜಿಡ್ಡು ಮಸಿ ಇದೆ. ಮಸಿಯನ್ನು ತೊಳೆಯಬಹುದು. ಸೀಲರ್ ಅಥವಾ ಹಳೆಯ ಪೇಂಟ್ ಇದ್ದರೆ ಸುಣ್ಣ ಹಿಡಿಯುವುದಿಲ್ಲ, ಒಣಗಿ ಪುಡಿಯಾಗಿ ಉದುರುತ್ತದೆ. ಇನ್ನೊಂದು ಮಾತು. ಅಮೆರಿಕದಲ್ಲಿ ಮನೆ ಬಳಕೆಯ ಸೀಸದ ಪೇಂಟ್ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಇಟ್ಟಿಗೆ ಮೇಲೆ ಪೇಂಟ್ ಕಂಡರೆ ಪರೀಕ್ಷೆ ಮಾಡಿಸದೆ ಕೆರೆಯಲು ಹೋಗಬೇಡಿ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಮಸಿ ತೆಗೆಯುವುದು. ಒಣ ಮಸಿಗೆ ನೇರವಾಗಿ ನೀರು ಹಾಕಿದರೆ ಅದು ಕಾಡಿಗೆಯಾಗಿ ಇಟ್ಟಿಗೆಯೊಳಗೆ ಇಳಿಯುತ್ತದೆ. ಮೊದಲು ಮೆತ್ತನೆ ಬ್ರಷ್ ಸಿಕ್ಕಿಸಿದ ವ್ಯಾಕ್ಯೂಮ್‌ನಿಂದ ಎಳೆಯಬೇಕು. ಆಮೇಲೆ ಟಿಎಸ್‌ಪಿ (ಟ್ರೈಸೋಡಿಯಂ ಫಾಸ್ಫೇಟ್, ಜಿಡ್ಡು ತೆಗೆಯುವ ಕ್ಲೀನರ್) ಪುಡಿ ಕಲಸಿದ ಬಿಸಿನೀರು, ನೈಲಾನ್ ಬ್ರಷ್, ಕೈಗವಸು. ಕಬ್ಬಿಣದ ತಂತಿ ಬ್ರಷ್ ಬೇಡ, ಮುರಿದ ತಂತಿ ಗಾರೆ ಸಂದಿನಲ್ಲಿ ಸಿಕ್ಕಿಕೊಂಡು ಮುಂದೆ ತುಕ್ಕು ಹಿಡಿಯುತ್ತದೆ. ತೊಳೆದ ಮೇಲೆ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಒರೆಸಬೇಕು. ಸೋಪಿನ ಅಂಶ ಉಳಿದರೂ ಸುಣ್ಣ ಹಿಡಿಯದು. ಫೈರ್‌ಪ್ಲೇಸ್ ಬಾಯಿಯ ನೆತ್ತಿಯ ಇಟ್ಟಿಗೆಗಳಲ್ಲಿ ಹೊಗೆಯ ಕಂದು ಎಣ್ಣೆ ಇಳಿದಿರುತ್ತದೆ. ಅಲ್ಲಿ ಎಷ್ಟು ಉಜ್ಜಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಈ ಜಾಗದ ಕಥೆ ಮುಂದೆಯೂ ಬರುತ್ತದೆ.

ಬಳಿಯುವ ಕೆಲಸ ಮಾತ್ರ ಮಜಾ. ಸುಣ್ಣದ ಅಳತೆಯ 50ರಿಂದ 100 ಶೇಕಡಾ ನೀರು ಬೆರೆಸಬೇಕು. ಸುಣ್ಣದ ಅರ್ಧದಷ್ಟು ನೀರು ಬೆರೆಸಿದರೆ ಇಟ್ಟಿಗೆ ಬಹುತೇಕ ಮುಚ್ಚುತ್ತದೆ, ಸಮ ಪಾಲು ಬೆರೆಸಿದರೆ ಇಟ್ಟಿಗೆಯ ಬಣ್ಣ ಒಳಗಿಂದ ಇಣುಕುತ್ತದೆ. ನಾವು ಸಮ ಪಾಲು ಬೆರೆಸಿದೆವು. ಮಧ್ಯೆ ಮಧ್ಯೆ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ಸುಣ್ಣ ತಳಕ್ಕೆ ಕೂರುತ್ತದೆ. ಬಳಿಯುವ ಮುಂಚೆ ಸ್ಪ್ರೇ ಬಾಟಲಿಯಿಂದ ಇಟ್ಟಿಗೆಯನ್ನು ಒದ್ದೆ ಮಾಡಬೇಕು. ನೀರು ಸುರಿಯುವಷ್ಟಲ್ಲ, ಕಪ್ಪಗೆ ಕಾಣುವಷ್ಟು. ಬಾಯಾರಿದ ಇಟ್ಟಿಗೆಗೆ ಹಾಗೇ ಬಳಿದರೆ ಅದು ನೀರನ್ನೆಲ್ಲ ಎಳೆದುಕೊಂಡುಬಿಡುತ್ತದೆ, ಸುಣ್ಣ ಗಟ್ಟಿಯಾಗುವ ಮುಂಚೆಯೇ ಒಣಗಿ ಪುಡಿಯಾಗುತ್ತದೆ. ಇದೇ ಕಾರಣಕ್ಕೆ ನಡು ಚಳಿಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಹೀಟರ್ ಓಡುವ ಮನೆಯ ಗಾಳಿ ವಿಪರೀತ ಒಣ. ನಾವು ಸೆಪ್ಟೆಂಬರ್‌ನಲ್ಲಿ ಬಳಿದೆವು. ಬೆಂಕಿ ಹಚ್ಚಿದ್ದು ಚಳಿ ಬಂದ ಮೇಲೆ.

ಉದ್ದ ಬಿರುಗೂದಲಿನ ಅಗಲ ಬ್ರಷ್ ಬೇಕು. ರೋಲರ್ ನಡೆಯುವುದಿಲ್ಲ, ಗಾರೆ ಸಂದುಗಳಿಗೆ ಅದು ಮುಟ್ಟುವುದೇ ಇಲ್ಲ. ಮೊದಲು ಸಂದಿಗೆ ಒತ್ತಿ, ಆಮೇಲೆ ಇಟ್ಟಿಗೆಯ ಮುಖಕ್ಕೆ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಬನ್ನಿ. ಬಳಿದಾಗ ಏನೂ ಬಳಿದಂತೆ ಕಾಣುವುದಿಲ್ಲ, ಹಾಲು ನೀರು ಸವರಿದ ಹಾಗೆ ಇರುತ್ತದೆ. ಇಲ್ಲಿ ತಾಳ್ಮೆ ಬೇಕು. ಒಣಗುತ್ತಾ ಒಣಗುತ್ತಾ ಬೆಳ್ಳಗಾಗುತ್ತದೆ, ಮರುದಿನ ಬೆಳಿಗ್ಗೆ ನಿಜವಾದ ಬಣ್ಣ ಗೊತ್ತಾಗುತ್ತದೆ. ಅದಕ್ಕೇ ಮೂಲೆಯಲ್ಲಿ ನಾಲ್ಕು ಇಟ್ಟಿಗೆಗೆ ಬಳಿದು ಒಂದು ರಾತ್ರಿ ಬಿಟ್ಟು ನೋಡಿ, ಆಮೇಲೆ ಉಳಿದ ಗೋಡೆಗೆ ಹೋಗಿ.

ಅಲ್ಲಲ್ಲಿ ಇಟ್ಟಿಗೆ ಕಾಣಿಸಬೇಕು ಅಂತಿದ್ದರೆ ಸುಣ್ಣ ತುಸು ಎಳೆದುಕೊಂಡ ಮೇಲೆ ನೀರು ಚಿಮುಕಿಸಿ ಬಟ್ಟೆಯಿಂದ ಒರೆಸಬೇಕು. ಹೊರಗೋಡೆಯಾದರೆ ಪೈಪ್ ಹಿಡಿದು ತೊಳೆಯುತ್ತಾರೆ. ಮನೆಯೊಳಗೆ ಅದು ಆಗದ ಮಾತು, ಬಕೆಟ್ ಬಟ್ಟೆಯೇ ಗತಿ. ಎಲ್ಲ ಇಟ್ಟಿಗೆಯನ್ನೂ ಒಂದೇ ಥರ ಒರೆಸಿದರೆ ವಾಲ್‌ಪೇಪರ್ ಅಂಟಿಸಿದಂತೆ ಕಾಣುತ್ತದೆ. ನಮ್ಮ ಮನೆಯವರು ಇಂಜಿನಿಯರು, ಸಾಲು ಲೆಕ್ಕ ಹಾಕಿ ಎರಡು ಬಿಟ್ಟು ಒಂದರಂತೆ ಒರೆಸಲು ಹೊರಟಿದ್ದರು. ಬಟ್ಟೆ ಕಸಿದುಕೊಂಡೆ.

ಕಣ್ಣಿಗೆ ಸುರಕ್ಷತಾ ಕನ್ನಡಕ ಹಾಕಿಯೇ ಕೆಲಸ ಮಾಡಿ. ಇದು ಸುಮ್ನೆ ಹೇಳುವ ಮಾತಲ್ಲ. ಸುಣ್ಣದ ತಿಳಿನೀರಿನ ಪಿಎಚ್ 12ರ ಮೇಲಿರುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ತಲೆಯ ಮೇಲಿನ ಸಾಲು ಬಳಿಯುವಾಗ ಹನಿ ಮುಖಕ್ಕೇ ಬರುತ್ತದೆ. ನೆಲ ಓಕ್ ಮರದ್ದಾದರೆ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಪಾಲಿಶ್ ಸವೆದ ಓಕ್ ಮೇಲೆ ಸುಣ್ಣದ ನೀರು ನಿಂತರೆ ಮರವೇ ಕಪ್ಪಾಗುತ್ತದೆ.

ಬೆಂಕಿ ಉರಿಯುವ ಗೂಡಿನೊಳಗೆ ಸುಣ್ಣ ಬಳಿಯಬೇಡಿ. ಮೊದಲ ಬೆಂಕಿಗೇ ಮಸಿ ಹಿಡಿದು ಗಲೀಜಾಗುತ್ತದೆ. ಒಳಗೆ ಕಪ್ಪು ಬೇಕು ಅನ್ನುವವರಿಗೆ 1200 ಡಿಗ್ರಿ ಫ್ಯಾರನ್‌ಹೀಟ್ ತಡೆಯುವ ಸ್ಟವ್ ಪೇಂಟ್ ಸಿಗುತ್ತದೆ. ನಾವು ಹಾಗೇ ಬಿಟ್ಟೆವು.

ಈಗ ಬಾಳಿಕೆಯ ವಿಷಯ. ಗೋಡೆಯ ಮುಕ್ಕಾಲು ಭಾಗ ಬಳಿದ ದಿನದಂತೆಯೇ ಇದೆ. ಎಲ್ಲೂ ಹೊಪ್ಪಳೆ ಎದ್ದಿಲ್ಲ, ಬಿರುಕಿಲ್ಲ. ಮೊದಮೊದಲು ಕಪ್ಪು ಬಟ್ಟೆ ಹಾಕಿ ಒರಗಿದರೆ ಬಿಳಿ ಪುಡಿ ಅಂಟುತ್ತಿತ್ತು. ಕೆಲವು ವಾರಗಳಲ್ಲಿ ಅದೂ ನಿಂತಿತು. ಕೋಣೆ ನಿಜಕ್ಕೂ ಬೆಳಕಾಗಿದೆ. ಮುಂಚೆ ಹಗಲಲ್ಲೂ ಹಾಕುತ್ತಿದ್ದ ಮೂಲೆಯ ದೀಪವನ್ನು ಈಗ ಸಂಜೆಗೆ ಮಾತ್ರ ಹಾಕುತ್ತೇವೆ.

ತೊಂದರೆ ಇರುವುದು ಬಾಯಿಯ ನೆತ್ತಿಯ ಎರಡು ಸಾಲಿಗೆ. ಪ್ರತಿ ಚಳಿಗಾಲದ ಕೊನೆಗೆ ಅಲ್ಲಿ ಚಹಾ ಕಲೆಯಂಥ ಹಳದಿ ಕಂದು ಬರುತ್ತದೆ. ಸುಣ್ಣದ ತಪ್ಪೇನೂ ಇಲ್ಲ, ಬೆಂಕಿ ಹಚ್ಚಿದ ಮೊದಲ ನಿಮಿಷಗಳಲ್ಲಿ ಹೊಗೆ ಕೋಣೆಗೆ ಮಗುಚುವುದೇ ಕಾರಣ. ಮೊದಲು ಕೆಂಪು ಇಟ್ಟಿಗೆಯಲ್ಲಿ ಅದು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ ಅಷ್ಟೆ. ಡ್ಯಾಂಪರ್ (ಚಿಮಣಿಯ ಹೊಗೆದಾರಿ ತೆರೆದು ಮುಚ್ಚುವ ತಗಡು) ಪೂರ್ತಿ ತೆರೆದು, ನ್ಯೂಸ್‌ಪೇಪರ್ ಸುರುಳಿ ಹಚ್ಚಿ ಚಿಮಣಿಯ ಬಾಯಿಗೆ ಹಿಡಿದು, ಒಳಗಿನ ತಣ್ಣನೆ ಗಾಳಿ ಬಿಸಿಯಾದ ಮೇಲೆ ಕಟ್ಟಿಗೆ ಹಚ್ಚಿದರೆ ಕಲೆ ತುಂಬಾ ಕಡಿಮೆ. ಹಸಿ ಕಟ್ಟಿಗೆ ಬೇಡವೇ ಬೇಡ. ಇಷ್ಟಾದರೂ ವಸಂತದಲ್ಲಿ ಒಂದು ಸಲ ಆ ಎರಡು ಸಾಲಿಗೆ ತೆಳ್ಳಗೆ ಬಳಿಯುತ್ತೇನೆ. ಹಳತು ಹೊಸತರ ಗೆರೆ ಕಾಣುವುದಿಲ್ಲ. ಪೇಂಟ್ ಆಗಿದ್ದರೆ ತೇಪೆ ಎದ್ದು ಕಾಣುತ್ತಿತ್ತು. ಅಂದಹಾಗೆ, ಚಿಮಣಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಅನ್ನುವುದು ಇಲ್ಲಿನ ಅಗ್ನಿ ಸುರಕ್ಷತೆಯ ನಿಯಮಾವಳಿಯ ಮಾತು. ಗೋಡೆ ಬೆಳ್ಳಗಾದ ಖುಷಿಯಲ್ಲಿ ಅದನ್ನು ಮರೆಯಬೇಡಿ. ಹೊಗೆ ಇದ್ದಕ್ಕಿದ್ದಂತೆ ಜಾಸ್ತಿ ಮಗುಚಿದರೆ ಮೊದಲು ಚಿಮಣಿಯವರನ್ನು ಕರೆಸಿ, ಸುಣ್ಣ ಆಮೇಲೆ.

ನಮ್ಮಂಥವರ ಮನೆಗೇ ಮೀಸಲಾದ ಒಂದು ಎಚ್ಚರಿಕೆ. ಹೊಸ ಸುಣ್ಣಕ್ಕೆ ಅರಿಶಿನದ ಕೈ ತಾಗಿದರೆ ಕೆಂಪಾಗುತ್ತದೆ, ಆರತಿ ತಟ್ಟೆಯ ಓಕುಳಿ ಆಗುವುದೂ ಹಾಗೇ ತಾನೇ? ನಮ್ಮಲ್ಲಿ ನವರಾತ್ರಿಗೆ ಗೊಂಬೆಗಳು ಕೂರುವುದು ಈ ಕಟ್ಟೆಯ ಮೇಲೇ. ಬಳಿದ ವರ್ಷ ಅರಿಶಿನ ಕುಂಕುಮದ ಬಟ್ಟಲನ್ನು ಗೋಡೆಯಿಂದ ದೂರ ಇಟ್ಟಿದ್ದೆ. ಸುಣ್ಣ ಗಟ್ಟಿಯಾದ ಮೇಲೂ ಹಳದಿ ಕಲೆ ಸುಲಭಕ್ಕೆ ಹೋಗದು. ಬೊಂಬೆ ಹಬ್ಬದ ಫೋಟೋ ಮಾತ್ರ ಮುಂಚಿಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ. ಪಟ್ಟದ ಗೊಂಬೆಯ ಕಪ್ಪು ಮರ ಬಿಳಿ ಗೋಡೆಯ ಮುಂದೆ ಎದ್ದು ಕಾಣುತ್ತದೆ.

ಒರೆಸಲು ವಿನೆಗರ್, ನಿಂಬೆಹುಳಿ ಇರುವ ಕ್ಲೀನರ್ ಯಾವುದೂ ಬೇಡ. ಹುಳಿ ಸುಣ್ಣವನ್ನು ತಿನ್ನುತ್ತದೆ. ಕ್ಲೀನಿಂಗ್‌ಗೆ ಯಾರಾದರೂ ಬರುತ್ತಿದ್ದರೆ ಮೊದಲೇ ಹೇಳಿಡಿ. ಧೂಳಿಗೆ ಒಣ ಬ್ರಷ್ ಸಾಕು. ಕಟ್ಟೆಯ ಅಡ್ಡ ಮೇಲ್ಮೈಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಟ್ಟಿಗೆ ಎಳೆದಾಟ, ಮಕ್ಕಳ ಬೂಟು, ಕೂತು ಏಳುವುದು, ಇವಕ್ಕೆ ಸುಣ್ಣ ಸವೆಯುತ್ತದೆ. ನಮ್ಮದು ನಡುವೆ ಸವೆದು ಕೆಂಪು ಕಾಣುತ್ತಿದೆ. ಮತ್ತೆ ಬಳಿದಿಲ್ಲ. ಅಲ್ಲಿಗೆ ಕಲ್ಲಿನ ಚಪ್ಪಡಿ ಹಾಕಿಸುವ ಯೋಚನೆ ಇದೆ.

ನಮ್ಮ ಸ್ನೇಹಿತರೊಬ್ಬರು ಇದೇ ಥರದ ಮನೆಯಲ್ಲಿ ನೀರು ಬೆರೆಸಿದ ಲೇಟೆಕ್ಸ್ ಬಳಿದಿದ್ದಾರೆ. ಖರ್ಚು ಏನೇನೂ ಇಲ್ಲ, ಮನೆಯಲ್ಲಿ ಉಳಿದಿದ್ದ ಪೇಂಟ್. ಒದ್ದೆ ಬಟ್ಟೆಯಲ್ಲಿ ಆರಾಮಾಗಿ ಒರೆಸುತ್ತಾರೆ. ಅವರದ್ದು ಗ್ಯಾಸ್ ಫೈರ್‌ಪ್ಲೇಸ್, ಮಸಿಯ ಕಾಟವೂ ಇಲ್ಲ. ಹತ್ತಿರದಿಂದ ನೋಡಿದರೆ ಸ್ವಲ್ಪ ಪ್ಲಾಸ್ಟಿಕ್ ಹೊಳಪು ಕಾಣುತ್ತದೆ, ದೂರದಿಂದ ವ್ಯತ್ಯಾಸ ಗೊತ್ತಾಗದು. ಹಳೆಯ ಪೇಂಟ್ ಇರುವ ಇಟ್ಟಿಗೆಗೆ ಆ ದಾರಿಯೇ ಸರಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಬೆಲೆಗೆ. ಉಳಿದ ಸುಣ್ಣವನ್ನು ಎಸೆಯಬೇಡಿ, ವರ್ಷವರ್ಷದ ತೇಪೆಗೆ ಅದೇ ಬೇಕು. ಮುಚ್ಚಳ ಬಿಗಿಯಾಗಿ ಹಾಕಿ ಬೇಸ್‌ಮೆಂಟ್‌ನಲ್ಲಿಡಿ. ಗರಾಜ್‌ನಲ್ಲಿ ಇಟ್ಟರೆ ಜನವರಿಯಲ್ಲಿ ಹೆಪ್ಪುಗಟ್ಟಿ ಹಾಳಾಗುತ್ತದೆ.