ರಾಜಿಯೋ, ತೀರ್ಪೋ? ಹಲ್ಲೆ ಕೇಸಿನ ಎರಡು ದಾರಿ

ಬದುವಿನ ಜಗಳ, ಕೈ ಮುರಿದಿದೆ, ದಾವಣಗೆರೆ ಕೋರ್ಟಲ್ಲಿ ಕೇಸು. ಊರ ಹಿರಿಯರು ರಾಜಿ ಆಗಿ ಅಂತಿದ್ದಾರೆ. ಒಪ್ಪೋ ಮುಂಚೆ ಚಾರ್ಜ್‌ಶೀಟಲ್ಲಿ ಯಾವ ಸೆಕ್ಷನ್ ಇದೆ ನೋಡಿ.

ಬರಿಗೈಲಿ ಹೊಡೆದು ಮೂಳೆ ಮುರಿದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 117(2): ಗರಿಷ್ಠ 7 ವರ್ಷ, ಕನಿಷ್ಠ ಅಂತ ಏನೂ ಇಲ್ಲ. ಕೋರ್ಟ್ ಅನುಮತಿ ಕೊಟ್ಟರೆ ರಾಜಿ ಆಗಬಹುದು. ಆದರೆ ರಾಜಿ ಅಂದರೆ ಆರೋಪಿ ಖುಲಾಸೆ ಆದ ಹಾಗೇ, ಆಮೇಲೆ ಆಸ್ಪತ್ರೆ ಖರ್ಚು ಕೊಡಲಿಲ್ಲ ಅಂತ ಅದೇ ಕೇಸನ್ನು ಮತ್ತೆ ಎಬ್ಬಿಸೋಕೆ ಆಗಲ್ಲ. ದುಡ್ಡು ಕೈಗೆ ಬರಲಿ, ಆಮೇಲೆ ಸಹಿ.

ಮಚ್ಚು, ಕುಡುಗೋಲು ಬೀಸಿದ್ದರೆ 118(2). ಕನಿಷ್ಠ 1 ವರ್ಷ, 10 ವರ್ಷದವರೆಗೆ, ಇಲ್ಲವೇ ಜೀವಾವಧಿ. ಇಲ್ಲಿ ರಾಜಿ ನಡೆಯಲ್ಲ. ಹೈಕೋರ್ಟಲ್ಲಿ ಕೇಸು ರದ್ದು ಕೇಳಬಹುದು, ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. (2024ರ ಜುಲೈ 1ಕ್ಕಿಂತ ಮುಂಚಿನ ಘಟನೆಗೆ ಹಳೆಯ ಐಪಿಸಿ 325, 326.)

ತೀರ್ಪಿನ ದಾರಿ ಉದ್ದ. ಅಪರಾಧ ಸಾಬೀತಾದ ಮೇಲೂ ಶಿಕ್ಷೆ ಎಷ್ಟು ಅಂತ ಬೇರೆಯಾಗಿ ವಾದ ಕೇಳುತ್ತಾರೆ. ಏಟು ತಲೆಗೋ ಕಾಲಿಗೋ, ಕೆಣಕಿದ್ದು ಯಾರು, ಹಳೇ ಕೇಸು ಇದೆಯಾ, ವಯಸ್ಸೆಷ್ಟು, ಗಾಯದ ಸರ್ಟಿಫಿಕೇಟು ಮತ್ತು ಎಕ್ಸ್‌ರೇ ಏನು ಹೇಳುತ್ತವೆ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಧೀಶರು ಕೊಡಬಹುದಾದದ್ದೇ 3 ವರ್ಷದವರೆಗೆ. 117(2)ರಲ್ಲಿ ಮೊದಲ ಸಲದವನಾದರೆ ಜೈಲಿಲ್ಲದೆ ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆ ನಡತೆಯ ಷರತ್ತಿನ ಮೇಲೆ, ಬಿಡಲೂಬಹುದು. ಸುಮ್ನೆ ‘ಏಳು ವರ್ಷ ಒಳಗೆ’ ಅಂದುಕೊಳ್ಳಬೇಡಿ.

ನನ್ನ ಮಾತು: ಒಂದೇ ಸಲದ ಜಗಳ, ಖರ್ಚು ಪೂರ್ತಿ ಕೊಡ್ತಾರೆ ಅಂದರೆ ರಾಜಿ. ಪದೇ ಪದೇ ಕೈ ಎತ್ತುವವನಾದರೆ ತೀರ್ಪೇ ಆಗಲಿ, ಪರಿಹಾರವನ್ನು ಅಲ್ಲೂ ಕೇಳಬಹುದು ಅಲ್ವಾ.