ಒಣಕೆಮ್ಮಿಗೆ ಯಾವುದು, ಕಫಕ್ಕೆ ಯಾವುದು: ನಾನು ಕುಡಿದು ನೋಡಿದ್ದು

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರ ನಮ್ಮ ಮನೆ. ಧೂಳು, ಹೊಗೆ ಎರಡೂ ಜಾಸ್ತಿ, ಚಳಿ ಶುರುವಾದರೆ ಕೆಮ್ಮೂ ಶುರು. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಪ್‌ಗಳನ್ನೂ ಮನೆಮದ್ದನ್ನೂ ಬೇರೆ ಬೇರೆ ಸಲ ಕುಡಿದು ನೋಡಿದ್ದೇನೆ. ಸುಮ್ನೆ "ಕೆಮ್ಮಿನ ಸಿರಪ್ ಕೊಡಿ" ಅಂತ ಕೇಳಬೇಡಿ. ಬಾಟಲಿ ತಿರುಗಿಸಿ ಒಳಗೇನಿದೆ ಅಂತ ಓದಿ.

ಒಣಕೆಮ್ಮಿಗೆ ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಸಿರಪ್. ಕೆಮ್ಮು ಬರಿಸುವ ಸೂಚನೆಯನ್ನು ಇದು ಮಿದುಳಿನಲ್ಲೇ ತಗ್ಗಿಸುತ್ತದೆ. ನನಗೆ ರಾತ್ರಿ ನಿದ್ದೆ ಬಂದಿದ್ದು ಇದರಿಂದಲೇ. ಆದರೆ ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಜೊತೆಗೆ ಕ್ಲೋರ್‌ಫೆನಿರಮೈನ್ ಅನ್ನುವ ಅಲರ್ಜಿ ಔಷಧಿ ಕೂಡ ಇರುತ್ತದೆ, ಅದು ತೂಕಡಿಕೆ ತರಿಸುತ್ತದೆ, ಕುಡಿದು ಬೈಕ್ ಹತ್ತಬೇಡಿ. ಖಿನ್ನತೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಡೆಕ್ಸ್ಟ್ರೋಮೆಥಾರ್ಫಾನ್ ಮುಟ್ಟಲೇಬಾರದು.

ಎದೆಯಲ್ಲಿ ಕಫ ಗರಗರ ಅಂತಿದ್ದರೆ ಆಂಬ್ರಾಕ್ಸಾಲ್ ವಾಸಿ. ಕಫ ತೆಳುವಾಗಿ ಹೊರಗೆ ಬರುತ್ತದೆ, ಮೊದಲು ಕೆಮ್ಮು ಇನ್ನೂ ಹೆಚ್ಚಾದಂತೆ ಅನ್ನಿಸಿದರೂ. ಜೊತೆಗೆ ಉಸಿರಿನ ನಾಳ ಹಿಗ್ಗಿಸುವ ಟರ್ಬುಟಲಿನ್ ಸೇರಿದ್ದರೆ ಎದೆ ಢವಢವ ಅನ್ನಬಹುದು, ಕೈ ನಡುಗಬಹುದು, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಇನ್ನು ಆಂಬ್ರಾಕ್ಸಾಲ್, ಡೆಕ್ಸ್ಟ್ರೋಮೆಥಾರ್ಫಾನ್ ಎರಡನ್ನೂ ಒಂದೇ ಬಾಟಲಿಗೆ ತುಂಬಿದ್ದೂ ಸಿಗುತ್ತದೆ. ಒಂದು ಕಫ ಸಡಿಲ ಮಾಡುತ್ತದೆ, ಇನ್ನೊಂದು ಅದನ್ನು ಹೊರಹಾಕಬೇಕಾದ ಕೆಮ್ಮನ್ನೇ ತಡೆಯುತ್ತದೆ. ಇದಕ್ಕೆ ದುಡ್ಡು ಯಾಕೆ ಕೊಡಬೇಕು ಹೇಳಿ?

ಗಂಟಲು ಕೆರೆತ ಅಷ್ಟೇ ಆದರೆ ನಾನು ಸಿರಪ್ ತರುವುದೇ ಇಲ್ಲ. ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ, ಬಿಸಿ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಇವೆರಡೇ ಸಾಕು. ಅಮ್ಮ ಮಾಡುವ ಶುಂಠಿ, ಮೆಣಸಿನ ಕಷಾಯ ಬಿಸಿಬಿಸಿ ಕುಡಿದರೆ ಹಿತ, ಆದರೆ ಮೆಣಸು ಜಾಸ್ತಿಯಾದರೆ ನನಗೆ ಹೊಟ್ಟೆ ಉರಿಯುತ್ತದೆ. ಚೀಪುವ ಮಾತ್ರೆಯ ಹಿತ ಅದು ಬಾಯಲ್ಲಿರುವಷ್ಟು ಹೊತ್ತು ಮಾತ್ರ.

ಮಕ್ಕಳ ವಿಷಯ ಬೇರೆ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತರು. ಆಗ ಕೇಂದ್ರ ಆರೋಗ್ಯ ಇಲಾಖೆಯೇ 2 ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಬೇಡ, 5ರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಹೇಳಿತು. ನೆಂಟರು "ಅರ್ಧ ಚಮಚ ಹಾಕ್ರಿ, ಏನೂ ಆಗಲ್ಲ" ಅಂದರೂ ಕೇಳಬೇಡಿ.

ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಟಿಬಿ ಪರೀಕ್ಷೆ ಅಲ್ಲಿ ಉಚಿತ. ರಕ್ತ ಬಿದ್ದರೆ, ಉಸಿರು ಕಟ್ಟಿದರೆ ಅಷ್ಟು ದಿನವೂ ಕಾಯಬೇಡಿ. ಬಿಪಿಗೆ ಎನಾಲಪ್ರಿಲ್, ರಾಮಿಪ್ರಿಲ್ ನುಂಗುವವರಿಗೆ ಆ ಮಾತ್ರೆಯಿಂದಲೇ ಒಣಕೆಮ್ಮು ಬರಬಹುದು. ಅದಾದರೆ ಯಾವ ಸಿರಪ್ಪಿಗೂ ಹೋಗುವುದಿಲ್ಲ, ಮಾತ್ರೆಯನ್ನು ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.