ಐದು ತಿಂಗಳು ಒಂದೇ ಜಂಟಿ ವರಸೆ: ಬಸವನಗುಡಿಯ ಒಂದು ವೀಣೆ ಕ್ಲಾಸ್ ಬಗ್ಗೆ

ಗಾಂಧಿ ಬಜಾರ್ ಹಿಂದಿನ ಅಡ್ಡರಸ್ತೆಯೊಂದರಲ್ಲಿ, ಹಳೇ ಮನೆಯ ಮುಂದಿನ ರೂಮಿನಲ್ಲಿ ನಡೆಯುವ ಕ್ಲಾಸ್ ಇದು. ಬೋರ್ಡ್ ಇಲ್ಲ. ವಾರಕ್ಕೆ ಎರಡು ದಿನ, ತಿಂಗಳಿಗೆ 1,800 ರೂಪಾಯಿ. ಎರಡು ವರ್ಷದಿಂದ ಹೋಗುತ್ತಿದ್ದೇನೆ. ಹೆಸರು ಹಾಕಬೇಡ, ಇರುವವರೇ ಜಾಸ್ತಿ ಆದರು ಅಂತ ಮಿಸ್ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ.

ಮೊದಲು ದೂರು ಹೇಳಿಬಿಡುತ್ತೇನೆ. ಆರೂವರೆ ಅಂದರೆ ಆರೂ ಮುಕ್ಕಾಲು. ನಾಲ್ಕು ಜನರಿಗೆ ಎರಡೇ ವೀಣೆ, ಉಳಿದ ಇಬ್ಬರು ತಾಳ ಹಾಕಿಕೊಂಡು ಹಾಡಬೇಕು. ಗಾಡಿ ನಿಲ್ಲಿಸಲು ಜಾಗವೇ ಇಲ್ಲ, ನಾನು ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ನಡೆದುಬಿಡುತ್ತೇನೆ. ಮಳೆ ಬಂದು ಕರೆಂಟ್ ಹೋದರೂ ರಜೆ ಇಲ್ಲ. ವೀಣೆಗೆ ಕರೆಂಟ್ ಯಾಕೆ ಅಂತಾರೆ.

ಇದಕ್ಕೂ ಮೊದಲು ಒಂದು ಆನ್‌ಲೈನ್ ಕೋರ್ಸ್‌ಗೆ ದುಡ್ಡು ಸುರಿದಿದ್ದೆ. ಎರಡೇ ತಿಂಗಳಲ್ಲಿ ಮಲಹರಿ ರಾಗದ ಗೀತೆ ಕಲಿಸಿ ಸರ್ಟಿಫಿಕೇಟನ್ನೂ ಕಳಿಸಿದ್ದರು! ಇಲ್ಲಿ ಮೊದಲ ದಿನ ಅದನ್ನೇ ಜಂಬದಿಂದ ನುಡಿಸಿದೆ. ಮಿಸ್ ಪೂರ್ತಿ ಕೇಳಿದರು, ಏನೂ ಅನ್ನದೆ ಸರಳೆ ವರಸೆಗೆ, ಅಂದರೆ ಸ ರಿ ಗ ಮದ ಮೊದಲ ಪಾಠಕ್ಕೆ, ವಾಪಸ್ ಕಳಿಸಿದರು. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತಾರಲ್ಲ, ಅದೇ ಮಾಯಾಮಾಳವಗೌಳ ರಾಗ. ತಾಳ ಅದೇ, ಆದರೆ ಮೊದಲ ಕಾಲದಲ್ಲಿ (ಕಾಲ ಅಂದರೆ ವೇಗ) ಏಟಿಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು.

ಅದಾದ ಮೇಲಿನ ಪಾಠ ಜಂಟಿ ವರಸೆಗೆ ಬಂದೆ, ಅಲ್ಲೇ ಸಿಕ್ಕಿಕೊಂಡೆ. ಸಸ ರಿರಿ ಗಗ ಮಮ ಅಂತ ಜೋಡಿ ಸ್ವರ, ಎರಡನೆಯದಕ್ಕೆ ಒತ್ತು ಬೀಳಬೇಕು. ಮೂರನೇ ಕಾಲಕ್ಕೆ ಹೋದ ಕೂಡಲೇ ಬೆರಳು ತೊದಲುತ್ತಿತ್ತು. ಐದು ತಿಂಗಳು ಹೀಗೇ. ತಂತಿ ಒತ್ತುವ 24 ಲೋಹದ ಪಟ್ಟಿ, ಅಂದರೆ ವೀಣೆಯ ಮೆಟ್ಟಿಲು, ಕೂತಿರುವುದು ಮೇಣದ ಮೇಲೆ ತಾನೇ, ಬೇಸಿಗೆಗೆ ಮೇಣ ಮೆತ್ತಗಾಗಿ ಸ್ವರ ಜಾರುತ್ತಿರಬೇಕು ಅಂತ ವೀಣೆ ಮೇಲೂ ಗೂಬೆ ಕೂರಿಸಿ ನೋಡಿದೆ. ಮಿಸ್ ಅದೇ ವೀಣೆಯಲ್ಲಿ ನುಡಿಸಿ ತೋರಿಸಿದರು, ವೀಣೆ ಚೆನ್ನಾಗೇ ಇತ್ತು. ಅಷ್ಟರಲ್ಲಿ ನನ್ನ ಜೊತೆ ಸೇರಿದ್ದ ಹತ್ತು ವರ್ಷದ ಹುಡುಗಿ ಮುಂದಿನ ಪಾಠಗಳಾದ ಅಲಂಕಾರ, ಗೀತೆ ಎಲ್ಲ ಮುಗಿಸಿ ಸಂಗೀತದ ಜೂನಿಯರ್ ಪರೀಕ್ಷೆಗೆ ತಯಾರಿ ಶುರು ಮಾಡಿದ್ದಳು. ಆ ವರ್ಷ ಆಫೀಸಿನಲ್ಲಿ ಪ್ರಮೋಷನ್ ಕೂಡ ತಪ್ಪಿತ್ತು, ಎಲ್ಲಿ ನೋಡಿದರೂ ನಾನೊಬ್ಬನೇ ನಿಂತಲ್ಲೇ ನಿಂತಿದ್ದೇನೆ ಅನ್ನಿಸುತ್ತಿತ್ತು.

ಬಿಡ್ತೀನಿ ಮಿಸ್, ನನಗಿದು ಒಗ್ಗಲ್ಲ ಅಂದೆ.

ಅವರು ಸಮಾಧಾನ ಹೇಳಲಿಲ್ಲ. ನನ್ನ ವೀಣೆ ಎಳೆದುಕೊಂಡು ಒಂದು ಬಿರಡೆ ಕೂದಲೆಳೆಯಷ್ಟು ತಿರುಗಿಸಿ, ನುಡಿಸು ಅಂದರು. ಎರಡೇ ಸ್ವರಕ್ಕೆ ಕೈ ತಾನಾಗೇ ನಿಂತಿತು. ಷಡ್ಜ, ಅಂದರೆ ಸ, ಇಳಿದಿತ್ತು. ಷಡ್ಜ ಇಳಿದಿದೆ ಮಿಸ್ ಅಂದೆ.

"ಸೇರಿದಾಗ ಇದು ಕೇಳಿಸ್ತಿತ್ತೇನಪ್ಪಾ ನಿನಗೆ? ಆಗಲೂ ಕೆಟ್ಟದಾಗೇ ನುಡಿಸ್ತಿದ್ದೆ, ಗೊತ್ತಾಗ್ತಿರಲಿಲ್ಲ ಅಷ್ಟೇ. ಕಿವಿ ಮುಂದೆ ಓಡಿದೆ, ಬೆರಳು ಹಿಂದಿಂದ ಬರ್ತಿದೆ. ಬರಲಿ ಬಿಡು."

ಇಷ್ಟು ನೇರವಾಗಿ ಬೈಸಿಕೊಂಡು ಖುಷಿಯಾಗಿದ್ದು ಅದೇ ಮೊದಲು. ಮನೆಗೆ ಹೋಗುವಾಗ ಮೆಟ್ರೋದಲ್ಲೂ ಅದೇ ತಲೆಯಲ್ಲಿತ್ತು, ಇಷ್ಟು ದಿನ ಬೆರಳನ್ನೇ ನೋಡುತ್ತಾ ಕೂತಿದ್ದೆನಲ್ಲ, ಕಿವಿ ಕಡೆ ಗಮನವೇ ಹೋಗಿರಲಿಲ್ಲ.

ಮರುದಿನದಿಂದ ಒಂದು ತಿಂಗಳು ಮೂರನೇ ಕಾಲ ಬಂದ್. ದಿನಾ ಇಪ್ಪತ್ತು ನಿಮಿಷ, ಶ್ರುತಿ ಹಾಕಿಕೊಂಡು, ಮೊದಲ ಕಾಲ ಮಾತ್ರ. ತಪ್ಪನ್ನು ಜೋರಾಗಿ ಓಡಿಸಿದರೆ ಬೆರಳು ತಪ್ಪನ್ನೇ ಕಲಿಯುತ್ತದೆ ಅನ್ನುವುದು ಮಿಸ್ ಲೆಕ್ಕ. ಬೋರು ಹೊಡೆಯಲಿಲ್ಲ ಅಂದರೆ ಸುಳ್ಳು. ಹತ್ತನೇ ದಿನವಂತೂ ಸುಮ್ನೆ ಮೊಬೈಲ್ ನೋಡುತ್ತಾ ತಂತಿ ಮೀಟುತ್ತಿದ್ದೆ. ಈಗ ಎಡಗೈ ತೋರುಬೆರಳು, ನಡುಬೆರಳು ಜಡ್ಡುಗಟ್ಟಿವೆ, ಆರೋಹಣ ಸಲೀಸಾಗಿ ಬರುತ್ತದೆ. ಅವರೋಹಣದಲ್ಲಿ ಮಮ ಗಗ ಬಂದಾಗ ಇನ್ನೂ ಎಡವುತ್ತೇನೆ.

ಮಗುವನ್ನು ಬೇಗ ಪರೀಕ್ಷೆಗೆ ಕೂರಿಸಬೇಕು ಅನ್ನುವ ಅಪ್ಪ ಅಮ್ಮಂದಿರಿಗೆ ಈ ಕ್ಲಾಸ್ ಆಗಿಬರುವುದಿಲ್ಲ. ಆ ಹುಡುಗಿಯ ವೇಗ ಅವಳದ್ದು, ಅವಳನ್ನು ನೋಡಿ ಸೇರಿಸಬೇಡಿ. ನನ್ನ ಹಾಗೆ ನಲವತ್ತರ ಹತ್ತಿರ ಬಂದು ಶುರು ಮಾಡುವವರು ಧೈರ್ಯವಾಗಿ ಹೋಗಬಹುದು. ಕೂರಲು ಒಂದು ದಪ್ಪ ಮಡಿಚಿದ ಜಮಖಾನ ತಗೊಂಡು ಹೋಗಿ, ಮೊಸಾಯಿಕ್ ನೆಲ ತಣ್ಣಗಿರುತ್ತದೆ.

ನಾಲ್ಕು ಸ್ಟಾರ್. ಒಂದು ಸ್ಟಾರ್ ಆ ಹದಿನೈದು ನಿಮಿಷಕ್ಕೆ ಕಟ್.